ಮಾಪಾರಿ ಮನ್ಮಥಪ್ಪನಿಗೆ ಗಾದಿ ಸಿಕ್ಕಿದ್ದು

ಇಷ್ಟೆಲ್ಲಕ್ಕೂ ಕಾರಣ ಒಂದು ಬೆಂಚು.

ಉದಗೀರ ಪೇಟೆಯ ಕಾಳಿನ ವ್ಯಾಪಾರಿ ವಿಶ್ವನಾಥಪ್ಪ ಸಾವಕಾರರು ಹೊಲದ ಒಂದು ಕಾಗದಕ್ಕಾಗಿ ಜಿಲ್ಲೆಗೆ ಹೋಗಿ, ಅಲ್ಲಿಯ ಯಾವುದೋ ಕಚೇರಿಯ ಬೆಂಚಿನ ಮೇಲೆ ನಾಲ್ಕು ದಿನ ಕೂತು ಬಂದಿದ್ದರು. ಬೇರೆ ಯಾರಾದರೂ ಆಗಿದ್ದರೆ ಸೊಂಟ ಹಿಡಿದುಕೊಂಡು ಬಯ್ಯುತ್ತ ಬರುತ್ತಿದ್ದರು. ಸಾವಕಾರರು ದೇವರ ದರ್ಶನ ಮಾಡಿದವರ ಹಾಗೆ ಕಣ್ಣರಳಿಸಿಕೊಂಡು ಬಂದರು.

"ಏನ್ ಇಂತಜಾಮ, ಏನ್ ವ್ಯವಸ್ಥಾ ಅಂತೀರಿ!" ಎಂದು ಅಂಗಡಿಯವರನ್ನೆಲ್ಲ ಕೂಡಿಸಿ ಹೇಳಿದರು. "ಒಂದು ಕಾಗದ ಆರು ಕೈ ದಾಟ್ತದ. ಒಬ್ಬಂವ ಬರೀತಾನ, ಒಬ್ಬಂವ ನೋಡ್ತಾನ, ಒಬ್ಬಂವ ಬರೇ ಹೂಂ ಅಂತ ತಲಿ ಹಾಕ್ತಾನ. ಯಾರಿಗೂ ಅವಸರಿಲ್ಲ. ಚಪರಾಸಿ ಮೂರು ಸಲ ಹೆಸರು ಕೂಗ್ತಾನ. ಮೂರಕ್ಕೂ ಬರಲಿಲ್ಲಂದ್ರ ಅರ್ಜಿ ಖಾರಿಜ್! ಒಬ್ಬಂವ ನೀರು ಕುಡೀಲಿಕ್ಕ ಹೋಗಿದ್ದ. ಹೊಳ್ಳಿ ಬರೂದ್ರಾಗ ಅವನ ಹೊಲಾನೇ ಹೋಗಿತ್ತು. ಸರ್ಕಾರ ನಡೀತಿರೋದು ಹಿಂಗ. ನಮ್ಮ ದುಕಾನದಾಗ ಏನದ? ಗಿರಾಕಿ ಬಂದ, ಮನ್ಮಥ ಅಳದ, ಗಿರಾಕಿ ಹ್ವಾದ. ಇದಕ್ಕ ವ್ಯಾಪಾರ ಅಂತಾರೇನು?"

ಇಷ್ಟು ವರ್ಷ ಇದಕ್ಕೇ ವ್ಯಾಪಾರ ಅನ್ನುತ್ತಿದ್ದರಲ್ಲ ಎಂದು ಮನ್ಮಥಪ್ಪನಿಗೆ ಅನಿಸಿತು. ಆದರೆ ತನಗೆ ಅನಿಸಿದ್ದು ತಪ್ಪಿರಬಹುದು ಎಂದೂ ಕೂಡಲೇ ಅನಿಸಿದ್ದರಿಂದ ಸುಮ್ಮನಿದ್ದ.

ಮನ್ಮಥಪ್ಪ ಆ ಅಂಗಡಿಯ ಮಾಪಾರಿ, ಅಂದರೆ ಸೇರು ಹಿಡಿದು ಕಾಳು ಅಳೆಯುವವ. ಹದಿನೆಂಟು ವರ್ಷ ನಿಂತೇ ಅಳೆದಿದ್ದ. ಆ ಅಂಗಡಿಯ ಮುಂಭಾಗದಲ್ಲಿ ಬಿಳಿ ಹೊದಿಕೆಯ ಗಾದಿ ಹಾಸಿತ್ತು. ಗಾದಿಯ ಮೇಲೆ ಕೂತವರು ಅಂಗಡಿಯವರು, ಕೆಳಗೆ ನಿಂತವರು ಆಳುಗಳು. ಗಾದಿಯ ಮೇಲೆ ಮೂವರು ಕೂಡುತ್ತಿದ್ದರು: ಸಾವಕಾರರು, ಅವರ ಹೆಂಡತಿಯ ತಮ್ಮ ವೈಜಿನಾಥ, ಮತ್ತು ಅವರ ಕಾಕಾ ಮಾಣಿಕಪ್ಪ. ಕೆಳಗೆ ಮನ್ಮಥಪ್ಪ ಒಬ್ಬನೇ.

ಹೊಸ ಇಂತಜಾಮದಲ್ಲಿ ವೈಜಿನಾಥ ಪೇಶಕಾರನಾದ. ಗಿರಾಕಿಯ ಹೆಸರು, ಊರು, ಬೇಕಾದ ಕಾಳು ಇವನ್ನು ಚೀಟಿಯಲ್ಲಿ ಬರೆಯುವುದು ಅವನ ಕೆಲಸ. ಮಾಣಿಕಪ್ಪ ಕಾಕಾ ಸರಿಷ್ತೇದಾರ. ಚೀಟಿ ನೋಡಿ ತಲೆ ಹಾಕುವುದು ಅವರ ಕೆಲಸ. ಅವರು ಎಚ್ಚರಿದ್ದಾಗ ಕಡಿಮೆ ತಲೆ ಹಾಕುತ್ತಿದ್ದರು, ತೂಕಡಿಸುವಾಗ ಹೆಚ್ಚು. ಆದ್ದರಿಂದ ತೂಕಡಿಕೆಯನ್ನೂ ಮಂಜೂರಿ ಎಂದೇ ತಿಳಿಯಬೇಕೆಂದು ಎರಡನೆಯ ದಿನ ತೀರ್ಮಾನವಾಯಿತು. ಸಾವಕಾರರು ಎಲ್ಲರ ಮೇಲಿನವರು. ಮನ್ಮಥಪ್ಪ ಮೊದಲಿನ ಹಾಗೆಯೇ ಮಾಪಾರಿ. ಮೊದಲು ಅವನು ತಾನೇ ಕೇಳಿ ತಾನೇ ಅಳೆಯುತ್ತಿದ್ದ. ಈಗ ಮೂವರನ್ನು ಕೇಳಿ ಅಳೆಯಬೇಕಾಗಿತ್ತು.

ಆದರೂ ಅವನು ಸಹಿಸಿದ್ದಕ್ಕೆ ಒಂದು ಕಾರಣವಿತ್ತು. ಸಾವಕಾರರು ಮಾತು ಕೊಟ್ಟಿದ್ದರು: "ಔರಾದ ಶಹಾಜನಿ ಊರ ಬೀರಣ್ಣನ ತೊಗರಿ ಈ ವರ್ಷಾನೂ ನಮ್ಮ ದುಕಾನಕ್ಕ ಬರಲಿ. ಅವತ್ತೇ ನಿನ್ನ ಗಾದಿ ಮ್ಯಾಲ ಕೂಡಸ್ತೀನಿ."

ಆ ದಿನ ಬೀರಣ್ಣ ಬರುವವನಿದ್ದ.

ಬೆಳಿಗ್ಗೆ ಹೆಂಡತಿ ಚಂಪಾಬಾಯಿ ಹಾಲಿನಂಥ ಧೋತರ ತೆಗೆದುಕೊಟ್ಟಳು. "ಗಾದಿ ಮ್ಯಾಲ ಕೂಡೋ ದಿನ. ಹೊಲಸು ಮಾಡ್ಕೋಬ್ಯಾಡ್ರಿ."

"ಇನ್ನೂ ಕೂಡಿಲ್ಲಲ್ಲ," ಎಂದ ಮನ್ಮಥಪ್ಪ.

"ಅದೇನು, ಇಡೀ ಗಲ್ಲಿಗೆ ಹೇಳೀನಿ. ಈಗ ಕೂಡ್ಲಿಲ್ಲಂದ್ರ ನಾ ಯಾವ ಮಾರಿ ತಗೊಂಡು ನೀರಿಗಿ ಹೋಗ್ಲಿ?"

ಪಕ್ಕದ ಮನೆಯ ಸರುಬಾಯಿ ಗೋಡೆಯ ಮೇಲಿಂದ ತಲೆ ತೂರಿಸಿದಳು. "ಹೇಳಿದ್ರ ನಾವು ನಂಬಂಗಿಲ್ಲವ್ವಾ ಚಂಪಾ. ಸಂಜಿಗಿ ಬಂದು ಧೋತರದ ಹಿಂದ ನೋಡ್ತೀವಿ. ನಿಂತಂವಂದು ಕೆಳಗ ಧೂಳಾಗ್ತದ, ಕುಂತಂವಂದು ಹಿಂದ ಮುದುಡ್ತದ. ಗೊತ್ತಾಗಲಾರದ ಹೋಗ್ತದೇನು?"

ಮನ್ಮಥಪ್ಪ ಎರಡೂ ಕೈಯಿಂದ ಧೋತರ ಎತ್ತಿ ಹಿಡಿದುಕೊಂಡು, ಕೆಸರಲ್ಲಿ ನಡೆಯುವ ಕೊಕ್ಕರೆಯ ಹಾಗೆ ಅಂಗಡಿಗೆ ಹೊರಟ.

ಬೋಣಿಗೆಗೆ ಶಿವಗಂಗಾಬಾಯಿ ಎಂಬ ಮುದುಕಿ ಬಂದಳು. ನಾಲ್ಕು ಸೇರು ಜೋಳ ಬೇಕಿತ್ತು. ಮನ್ಮಥಪ್ಪ ರೂಢಿಯಂತೆ ಮೊದಲ ಸೇರು ಸುರಿದು "ಲಾಭ" ಎಂದ. ಆ ಪೇಟೆಯಲ್ಲಿ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಎರಡನೆಯದಕ್ಕೆ ಸೇರು ತುಂಬುವಷ್ಟರಲ್ಲಿ ವೈಜಿನಾಥ ಕೈ ಎತ್ತಿದ.

"ಚೀಟಿ ಎಲ್ಲಿ ಅದ?"

ಜೋಳ ಮರಳಿ ಚೀಲಕ್ಕೆ ಹೋಯಿತು. ವೈಜಿನಾಥ ಚೀಟಿ ಬರೆದ. ಮನ್ಮಥಪ್ಪ ಮತ್ತೆ ಸುರಿದು "ಲಾಭ" ಎಂದ. ಚೀಟಿಗೆ ಕಾಕಾ ತಲೆ ಹಾಕಿಲ್ಲವೆಂದು ಜೋಳ ಮತ್ತೆ ಚೀಲಕ್ಕೆ ಹೋಯಿತು. ಕಾಕಾ ಅಂದು ದುರದೃಷ್ಟಕ್ಕೆ ಚೆನ್ನಾಗಿ ನಿದ್ದೆ ಮಾಡಿ ಬಂದಿದ್ದರು. ಅವರು ಚೀಟಿ ಓದಿ, "ಇದರಾಗ ಬಿಳಿ ಜ್ವಾಳನೋ ಕೆಂಪು ಜ್ವಾಳನೋ ಬರದಿಲ್ಲ," ಎಂದು ಹಿಂದಕ್ಕೆ ಕಳಿಸಿದರು. ಹೀಗೆ ನಾಲ್ಕು ಸಲ ಲಾಭವಾಯಿತು, ಒಂದು ಕಾಳೂ ಹೊರಗೆ ಹೋಗಲಿಲ್ಲ.

ಶಿವಗಂಗಾಬಾಯಿ ಸೆರಗು ಕೊಡವಿಕೊಂಡು ಎದ್ದಳು. "ಯಪ್ಪಾ, ನಾ ಜ್ವಾಳ ಬೇಡ್ಲಿಕ್ಕ ಬಂದೀನೋ, ಜ್ವಾಳಕ್ಕ ಹೆಣ್ಣು ಕೇಳ್ಲಿಕ್ಕ ಬಂದೀನೋ? ಹೆಸರು ಕೇಳ್ತೀರಿ, ಊರು ಕೇಳ್ತೀರಿ, ಬಣ್ಣ ಕೇಳ್ತೀರಿ!" ಎಂದು ನೇರವಾಗಿ ಎದುರಿನ ವೀರಭದ್ರನ ಅಂಗಡಿಗೆ ನಡೆದಳು. ವೀರಭದ್ರನಿಗೆ ಗಾದಿಯೂ ಇರಲಿಲ್ಲ, ನೆಂಟರೂ ಇರಲಿಲ್ಲ. ಹರಕು ಗೋಣಿಚೀಲದ ಮೇಲೆ ಒಬ್ಬನೇ ಕೂತು, ಒಬ್ಬನೇ ಎದ್ದು, ಒಬ್ಬನೇ ಅಳೆಯುತ್ತಿದ್ದ. ಮುದುಕಿ ಎಲೆ ಅಡಿಕೆ ಜಗಿದು ಉಗುಳುವಷ್ಟರಲ್ಲಿ ನಾಲ್ಕು ಸೇರು ಜೋಳ ಕಟ್ಟಿಕೊಂಡು ಹೊರಟಳು.

ಮನ್ಮಥಪ್ಪನಿಗೆ ಬೆಂಕಿಯಂಥ ಸಿಟ್ಟು ಬಂತು. ಆದರೆ ಬೀರಣ್ಣ ಬರುವವನಿದ್ದನಲ್ಲ. ಬೆಂಕಿಯನ್ನು ಅದುಮಿ ಧೋತರ ಎತ್ತಿ ಹಿಡಿದು ನಿಂತ.

ಮಧ್ಯಾಹ್ನದ ಹೊತ್ತಿಗೆ ಏಳು ಗಾಡಿ ತೊಗರಿ ಬಂದು ಬೀದಿಯಲ್ಲಿ ಸಾಲಾಗಿ ನಿಂತವು. ಮುಂದಿನ ಗಾಡಿಯಿಂದ ಬೀರಣ್ಣ ಧುಮುಕಿದ. ಹನ್ನೆರಡು ವರ್ಷದಿಂದ ಅವನ ತೊಗರಿ ಅಳೆದದ್ದು ಮನ್ಮಥಪ್ಪನ ಕೈಯೇ.

"ಏನಪ್ಪ ಮನ್ಮಥಣ್ಣ, ಮದುವಿ ಗಂಡಿನಂಗ ಧೋತರ ಉಟ್ಟೀಯಲ್ಲ! ಬಾ, ಲಗೂನ ಸೌದಾ ಮುಗಸೋಣು. ಎತ್ತು ಬಿಸಲಾಗ ನಿಂತಾವ."

"ಹೆಸರು?" ಎಂದ ವೈಜಿನಾಥ, ಲೆಕ್ಕಣಿಕೆ ಮಸಿಯಲ್ಲಿ ಅದ್ದಿ.

ಬೀರಣ್ಣ ಹಿಂದೆ ತಿರುಗಿ ನೋಡಿದ, ಬೇರೆ ಯಾರಾದರೂ ನಿಂತಿದ್ದಾರೇನೋ ಎಂದು. "ಯಾರ್ದು? ನಂದಾ? ಹ್ವಾದ ವರ್ಷ ನನ್ನ ಗಾಡ್ಯಾಗ ಕುಂತು ನೀಲಂಗಾಕ್ಕ ಹೋಗಿದ್ದೆಲ್ಲೋ ನೀ! ದಾರಿ ತುಂಬ ನನ್ನ ಸೇಂಗಾ ತಿಂದಿ!"

"ಅದು ಹ್ವಾದ ವರ್ಷ. ಈಗ ನಾ ಪೇಶಕಾರ. ಹೆಸರು?"

ಹೆಸರು, ತಂದೆಯ ಹೆಸರು, ಊರು, ಗಾಡಿ ಎಷ್ಟು, ಎತ್ತು ಎಷ್ಟು, ಎಲ್ಲ ಬರೆದದ್ದಾಯಿತು. ಕಾಕಾ ದೇವರ ದಯದಿಂದ ತೂಕಡಿಸುತ್ತಿದ್ದರು. ಮಂಜೂರಿ ಬೇಗ ಸಿಕ್ಕಿತು. ಇನ್ನುಳಿದದ್ದು ದರ.

ಪೇಟೆಯಲ್ಲಿ ದೊಡ್ಡ ಸೌದಾದ, ಅಂದರೆ ವ್ಯವಹಾರದ, ದರವನ್ನು ಬಾಯಿಂದ ಆಡುವುದಿಲ್ಲ. ಕೈಗಳ ಮೇಲೆ ರುಮಾಲು ಹಾಕಿ, ಅದರೊಳಗೆ ಬೆರಳು ಒತ್ತಿ ಹೇಳುತ್ತಾರೆ. ಮುಖದಲ್ಲಿ ಗುಟ್ಟು ತಿಳಿಯಬಾರದೆಂದು ಇಬ್ಬರೂ ಮಾಡಿನ ಜಂತಿ ನೋಡುತ್ತಿರಬೇಕು. ನಡುವೆ ಯಾರಾದರೂ ಬಾಯಿ ತೆರೆದರೆ ಸೌದಾ ಮುರಿದಂತೆ. ಇಷ್ಟು ವರ್ಷ ಬೀರಣ್ಣನ ಕೈ, ಸಾವಕಾರರ ಕೈ, ಒಂದು ರುಮಾಲು, ಅಷ್ಟರಲ್ಲಿ ಮುಗಿಯುತ್ತಿತ್ತು. ಈಗ ಗಿರಾಕಿಯ ಕೈ ಸಾವಕಾರರ ಕೈಗೆ ನೇರವಾಗಿ ಬರುವಂತಿರಲಿಲ್ಲ. ಅವನು ಮಾಪಾರಿಯ ಬೆರಳು ಒತ್ತಬೇಕು, ಮಾಪಾರಿ ಪೇಶಕಾರನದು, ಪೇಶಕಾರ ಸರಿಷ್ತೇದಾರರದು, ಸರಿಷ್ತೇದಾರರು ಸಾವಕಾರರದು. ಉತ್ತರವೂ ಅದೇ ದಾರಿಯಿಂದ ಹಿಂದಕ್ಕೆ ಬರಬೇಕು.

ಐದು ಮಂದಿಗೆ ರುಮಾಲು ಸಾಲಲಿಲ್ಲ. ಸಾವಕಾರರ ದೊಡ್ಡ ಧಾಬಳಿ ತರಿಸಿದರು. ಎಲ್ಲರೂ ದುಂಡಗೆ ಕೂತರು. ಅತಿಥಿಯೆಂದು ಬೀರಣ್ಣನನ್ನು ಸಾವಕಾರರ ಎಡಕ್ಕೆ ಕೂಡಿಸಿದರು. ಅವನ ಪಕ್ಕಕ್ಕೆ ಮನ್ಮಥಪ್ಪ, ಗಾದಿಗೆ ತಗಲದಂತೆ ಕುಕ್ಕರಗಾಲಿನಲ್ಲಿ. ಆಮೇಲೆ ವೈಜಿನಾಥ, ಕಾಕಾ, ಮತ್ತೆ ಸಾವಕಾರರು. ಧಾಬಳಿ ಹೊದಿಸಿದ್ದೇ ಐವರೂ ಮಾಡಿನತ್ತ ಮುಖ ಎತ್ತಿದರು. ಬೀದಿಯಲ್ಲಿ ಹೋಗುವವರು ಮಾಡಿನಲ್ಲಿ ಹಾವು ಬಂದಿದೆಯೇನೋ ಎಂದು ಇಣುಕಿ ನೋಡಿ ಹೋದರು.

ಬೀರಣ್ಣ ಐದು ಬೆರಳು ಒತ್ತಿದ. ಹೋದ ವರ್ಷದ ದರದ ಮೇಲೆ ಚೀಲಕ್ಕೆ ಬೆರಳಿಗೊಂದು ರೂಪಾಯಿ ಎಂದರ್ಥ. ಐದು ಬೆರಳು ಮನ್ಮಥಪ್ಪನಿಂದ ವೈಜಿನಾಥನಿಗೆ ಹೋಯಿತು, ವೈಜಿನಾಥನಿಂದ ಕಾಕಾನಿಗೆ ಹೋಯಿತು, ಅಲ್ಲಿ ಮಲಗಿತು. ಬಹಳ ಹೊತ್ತಾದ ಮೇಲೆ ಕಾಕಾನಿಗೆ ಒಂದು ಸೀನು ಬಂದು ಎಚ್ಚರವಾಗಿ, ಆ ಐದು ಬೆರಳು ಸಾವಕಾರರನ್ನು ಮುಟ್ಟಿತು. ಸಾವಕಾರರು ಎರಡು ಒತ್ತಿದರು. ಅದು ಹಿಂದಕ್ಕೆ ಹೊರಟು ಕಾಕಾನಲ್ಲಿ ಮತ್ತೆ ಮಲಗಿತು. ಬೀದಿಯಲ್ಲಿ ಎತ್ತುಗಳು ಗಂಟೆ ಅಲ್ಲಾಡಿಸತೊಡಗಿದವು.

ಬೀರಣ್ಣನ ಕೈ ಜೋಮು ಹಿಡಿಯಿತು. ಅವನು ಒಮ್ಮೆ ಜಂತಿ ನೋಡಿದ, ಒಮ್ಮೆ ಎತ್ತು ನೋಡಿದ. ಬಾಯಿ ತೆರೆಯುವಂತಿಲ್ಲ. ಮೆಲ್ಲಗೆ ಕೈ ಎಳೆದುಕೊಂಡು, ಎದ್ದು, ಜೋಡು ಮೆಟ್ಟಿಕೊಂಡು ಹೊರಟುಹೋದ. ಜಂತಿ ನೋಡುತ್ತಿದ್ದ ನಾಲ್ವರಲ್ಲಿ ಒಬ್ಬರಿಗೂ ಅದು ಕಾಣಲಿಲ್ಲ.

ಅದೇ ಹೊತ್ತಿಗೆ ಸಾವಕಾರರಿಗೆ ನಶ್ಯ ಬೇಕೆನಿಸಿತು. ಡಬ್ಬಿಗಾಗಿ ಎಡಗೈಯನ್ನು ಧಾಬಳಿಯೊಳಗೆ ಆಡಿಸಿದರು. ಕಳೆದುಹೋದ ಕೈಯನ್ನು ಹುಡುಕುತ್ತಿದ್ದ ಮನ್ಮಥಪ್ಪ ಗಪ್ಪನೆ ಅದನ್ನು ಹಿಡಿದುಕೊಂಡ. ನೇಗಿಲು ಹಿಡಿಯುವ ಬೀರಣ್ಣನ ಕೈ ಇಷ್ಟು ಮೆತ್ತಗೆ ಯಾವಾಗ ಆಯಿತು ಎಂದು ಅವನಿಗೆ ಸಂಶಯ ಬಂತು. ಆದರೆ ಬಾಯಿ ತೆರೆದರೆ ಸೌದಾ ಮುರಿಯುತ್ತದೆ, ಸೌದಾ ಮುರಿದರೆ ಗಾದಿ ಹೋಗುತ್ತದೆ. ತನ್ನದೇ ಕೈ ಒರಟಾಗಿರಬೇಕು ಎಂದು ಸಮಾಧಾನ ಮಾಡಿಕೊಂಡು, ಕೊನೆಗೂ ಕಾಕಾನನ್ನು ದಾಟಿ ಬಂದ ಎರಡು ಬೆರಳನ್ನು ಅದಕ್ಕೆ ಒತ್ತಿದ.

ಸಾವಕಾರರು ಒಳಗೊಳಗೇ ಕುಣಿದರು. ಬೀರಣ್ಣ ಯಾರನ್ನೂ ಕೇಳದೆ ನೇರವಾಗಿ ತಮ್ಮ ಎಡಗೈಗೇ ಎರಡು ಎಂದು ಒಪ್ಪಿಕೊಂಡನಲ್ಲ! ಐದರಿಂದ ಎರಡಕ್ಕೆ ಇಳಿದವನು ಒಂದಕ್ಕೆ ಇಳಿಯುವುದಿಲ್ಲವೇ? ಬಲಗೈಯಿಂದ ಕಾಕಾನಿಗೆ ಒಂದು ಬೆರಳು ಒತ್ತಿದರು. ಅದು ಮೂವರನ್ನು ದಾಟಿ ಎಡಗೈಗೆ ಬಂತು: ಒಂದು. ಈಗ ಸಾವಕಾರರಿಗೆ ಹಿಗ್ಗು ತಡೆಯಲಿಲ್ಲ. ಬಲಗೈಯಿಂದ ಬರಿಯ ಉಗುರು ಮುಟ್ಟಿಸಿದರು. ಅಂದರೆ ಹೋದ ವರ್ಷದ ದರವೇ. ಸುತ್ತಿ ಬಳಸಿ ಎಡಗೈಗೂ ಉಗುರೇ ಬಂತು.

"ಸೌದಾ ಆಯ್ತು!" ಎಂದು ಸಾವಕಾರರು ಗರ್ಜಿಸಿ ಧಾಬಳಿ ಕಿತ್ತೆಸೆದರು.

ಧಾಬಳಿಯ ಕೆಳಗೆ ಅವರ ಎಡಗೈ ಮನ್ಮಥಪ್ಪನ ಕೈಯಲ್ಲಿತ್ತು, ಬಲಗೈ ಕಾಕಾನ ಕೈಯಲ್ಲಿತ್ತು. ಬೀರಣ್ಣ ಕೂತ ಜಾಗದಲ್ಲಿ ನಶ್ಯದ ಡಬ್ಬಿ ಇತ್ತು. ಬೀದಿಯಾಚೆ ವೀರಭದ್ರನ ಅಂಗಡಿಯ ಮುಂದೆ ಆರನೆಯ ಗಾಡಿಯ ತೊಗರಿ ಇಳಿಯುತ್ತಿತ್ತು.

ಆಮೇಲೆ ಸಾವಕಾರರು ಕಚೇರಿಯ ಸಾಹೇಬರ ಹಾಗೆ ಗಂಟಲು ಸರಿಮಾಡಿಕೊಂಡರು. "ತಹಕೀಕಾತ ಆಗ್ಬೇಕು, ವಿಚಾರಣಾ ಆಗ್ಬೇಕು. ತಡ ಯಾರ ಕಡಿಂದ ಆಯ್ತು?"

"ನನ್ನ ಕಡಿಂದಂತೂ ಅಲ್ಲ ಭಾವಾ," ಎಂದ ವೈಜಿನಾಥ. "ನಾ ಏನೂ ಮಾಡೇ ಇಲ್ಲ. ಏನೂ ಮಾಡಲಾರದಂವಂದು ತಡ ಹೆಂಗಾಗ್ತದ?"

"ನಾ ಮಲಗಿದ್ದೆ," ಎಂದರು ಕಾಕಾ. "ಸುಳ್ಳು ಹೇಳಂಗಿಲ್ಲ. ಪೂರಾ ಪೇಟಿ ನೋಡ್ಯಾದ."

"ಹಂಗಾದ್ರ ಉಳದಂವ ಮನ್ಮಥ," ಎಂದರು ಸಾವಕಾರರು. "ಗಿರಾಕಿ ಕೈ ಇದ್ದದ್ದು ಇವನ ಕೈಯಾಗ. ಬಿಟ್ಟಂವ ಇಂವಾ."

ಅಷ್ಟು ಹೊತ್ತು ಅದುಮಿಟ್ಟ ಬೆಂಕಿ ಭಗ್ಗನೆ ಹತ್ತಿತು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಮನ್ಮಥಪ್ಪನ ದನಿ ಬೀದಿಗೆ ಕೇಳಿಸಿತು.

"ನಾ ಬಿಟ್ಟೇನ್ರಿ? ನಾನು? ಮುಂಜಾನಿಂದ ಈ ದುಕಾನದಾಗ ಕೈ ಅಲ್ಲಾಡ್ಸಿದಂವ ನಾ ಒಬ್ಬಂವ! ಅಳ್ಯಾಂವ ಒಬ್ಬ, ಅಳೀಬ್ಯಾಡ ಅನ್ನೋರು ಮೂರು ಮಂದಿ! ಜಗತ್ತಿನ್ಯಾಗ ಎಲ್ಲೆರೆ ಉಂಟೇನ್ರಿ, ಒಂದು ಎತ್ತು ಕಟ್ಟಿ, ಮೂರು ಮಂದಿ ಬಾರಕೋಲು ಹಿಡದು ಗಾಡಿ ಮ್ಯಾಲ ಕೂಡೋದು? ಎದುರಿಗಿ ನೋಡ್ರಿ, ವೀರಭದ್ರಗ ಪೇಶಕಾರ ಅದಾನೇನು? ಸರಿಷ್ತೇದಾರ ಅದಾರೇನು? ಹರಕು ಗೋಣಿಚೀಲ ಅದ, ಎರಡು ಕೈ ಅವ, ಆರು ಗಾಡಿ ತೊಗರಿ ಅದ! ನಮ್ಮ ಕಡಿ ಎಂಟು ಕೈ ಅವ, ನಶ್ಯದ ಡಬ್ಬಿ ಅದ!"

ಹೇಳಿ ಮುಗಿಸಿದ ಮೇಲೆ ಇನ್ನು ಕೆಲಸ ಹೋಯಿತು ಎಂದುಕೊಂಡ. ಎಂಟು ಎಂದದ್ದರಲ್ಲಿ ತನ್ನ ಕೈಯನ್ನೂ ಸೇರಿಸಬಾರದಿತ್ತೇನೋ ಎಂಬ ಅನುಮಾನವೂ ಬಂತು.

ಸಾವಕಾರರು ಗಡ್ಡಕ್ಕೆ ಕೈ ಹಚ್ಚಿ ಬಹಳ ಹೊತ್ತು ಯೋಚಿಸಿದರು. ಕೊನೆಗೆ ಕಣ್ಣಲ್ಲಿ ನೀರು ತಂದುಕೊಂಡರು. "ಖರೆ ಮಾತು ಮನ್ಮಥಾ. ತಪ್ಪು ನಿಂದಲ್ಲ, ಇಂತಜಾಮದ್ದು. ಬರಿಯೋದಕ್ಕ ಮ್ಯಾಲಿನಂವ ಅದಾನ, ತಲಿ ಹಾಕೋದಕ್ಕ ಮ್ಯಾಲಿನಂವ ಅದಾನ, ಅಳತಿಗೇ ಮ್ಯಾಲಿನಂವ ಇಲ್ಲ! ಅದಕ್ಕ ಗಿರಾಕಿ ಜಾರಿ ಹ್ವಾದ. ಬಾ, ಮ್ಯಾಲ ಬಾ. ಇವತ್ತಿಂದ ನೀ ಅಳತಿ ದರೋಗಾ!"

ವೈಜಿನಾಥ ಸರಿದು ಜಾಗ ಮಾಡಿಕೊಟ್ಟ. ಮನ್ಮಥಪ್ಪ ಕಾಲು ಒರೆಸಿಕೊಂಡ, ಇನ್ನೊಮ್ಮೆ ಒರೆಸಿಕೊಂಡ, ಮೆಲ್ಲಗೆ ಗಾದಿಯ ಮೇಲೆ ಕೂತ. ಗಾದಿ ಅವನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು. ಆದರೂ ಕಣ್ಣು ಮಂಜಾದವು. ಧೋತರ ಹಿಂದೆ ಚೆನ್ನಾಗಿ ಮುದುಡಲೆಂದು ಎರಡು ಸಲ ಅತ್ತಿತ್ತ ಸರಿದಾಡಿದ.

"ಹಂಗಾದ್ರ ಅಳ್ಯಾವ್ರು ಯಾರ್ರಿ?" ಎಂದು ಕೇಳಿದ, ಕೇಳಬಾರದೇನೋ ಎಂಬ ದನಿಯಲ್ಲಿ.

"ಬ್ಯಾರೆ ಮಾಪಾರಿ ಸಿಗೂತನಕ ಹಂಗಾಮಿಯಾಗಿ ನೀನೇ ಅಳೀತಿ," ಎಂದರು ಸಾವಕಾರರು.

ಅಷ್ಟರಲ್ಲಿ ಬೀದಿಯಲ್ಲಿ ಗಂಟೆಯ ಸದ್ದಾಯಿತು. ಬೀರಣ್ಣ ಏಳನೆಯ ಗಾಡಿ ಹೊಡೆದುಕೊಂಡು ಬಂದಿದ್ದ. "ಮನ್ಮಥಣ್ಣ, ಆರು ಗಾಡಿಗಿ ವೀರಭದ್ರನ ಕ್ವಾಣಿ ತುಂಬ್ತು. ಇದೊಂದು ನಿನ್ನ ಮಾರಿ ನೋಡಿ ತಂದೀನಿ. ದರ ಅವಂಗ ಕೊಟ್ಟಿದ್ದೇ. ಧಾಬಳಿ ಗೀಬಳಿ ಬ್ಯಾಡ, ಬರೇ ಅಳದು ತಗೋ. ಹೊತ್ತು ಮುಳಗೂದ್ರಾಗ ದಾರಿ ಹಿಡೀಬೇಕು."

ಮನ್ಮಥಪ್ಪ ಗಾದಿಯಿಂದ ಹಾರಿ ಸೇರು ಹಿಡಿದ.

"ನಿಂದ್ರು!" ಎಂದ ವೈಜಿನಾಥ. "ದರೋಗಾ ಸಾಹೇಬ್ರ ಹುಕುಂ ಎಲ್ಲಿ?"

"ದರೋಗಾ ನಾನೇ ಅಲ್ಲೇನೋ?"

"ನೀ ಈಗ ಮಾಪಾರಿ. ಕೆಳಗ ನಿಂತೀದಿ. ಸಾಹೇಬ್ರು ಗಾದಿ ಮ್ಯಾಲ ಇರ್ತಾರ."

ಮನ್ಮಥಪ್ಪ ಓಡಿಹೋಗಿ ಗಾದಿಯ ಮೇಲೆ ಕೂತು, "ಹುಕುಂ ಕೊಟ್ಟೀನಿ, ಅಳೀರಿ!" ಎಂದ.

"ಆಯ್ತು ಸಾಹೇಬ್ರೆ," ಎಂದು ವೈಜಿನಾಥ ಬಗ್ಗಿ ಬರೆದುಕೊಂಡ. ಆಮೇಲೆ ಅಂಗಡಿಯ ಮೆಟ್ಟಿಲಿಗೆ ಹೋಗಿ ಚಪರಾಸಿಯ ಹಾಗೆ ಕೂಗಿದ: "ಮಾಪಾರಿ ಮನ್ಮಥಪ್ಪ ಹಾಜರ್ ಅದಾನೇನು?"

"ಅದೀನಿ!" ಎಂದು ಮನ್ಮಥಪ್ಪ ಎದ್ದ.

"ಕೂಡ್ರಿ ಸಾಹೇಬ್ರೆ," ಎಂದು ಕಾಕಾ ಅವನ ಧೋತರ ಹಿಡಿದು ಜಗ್ಗಿದರು. ಅವರಿಗೆ ಪೂರ್ತಿ ಎಚ್ಚರವಾಗಿತ್ತು. "ಆ ಹುಕುಮಿಗಿ ನಾ ಇನ್ನೂ ತಲಿ ಹಾಕಿಲ್ಲ. ಅಲ್ಲೀತನಕ ಸಾಹೇಬ್ರು ಏಳಬಾರದು."

"ಮಾಪಾರಿ ಮನ್ಮಥಪ್ಪ ಹಾಜರ್ ಅದಾನೇನು?"

"ಹಾಕ್ರಿ ಕಾಕಾ! ತಲಿ ಹಾಕ್ರಿ! ನಿಮ್ಮ ಕಾಲಿಗಿ ಬೀಳ್ತೀನಿ!"

"ಓದಲಾರದ ಹಾಕಂಗಿಲ್ಲ," ಎಂದು ಕಾಕಾ ಚಾಳೀಸು ಹುಡುಕತೊಡಗಿದರು.

"ಮಾಪಾರಿ ಮನ್ಮಥಪ್ಪ ಹಾಜರ್ ಅದಾನೇನು? ಗೈರಹಾಜರ್!"

ಬೀರಣ್ಣ ಗಾಡಿ ತಿರುಗಿಸಿದ. ವೀರಭದ್ರ ತೊಗರಿಗೆಂದು ತನ್ನ ಅಡುಗೆಮನೆ ಖಾಲಿ ಮಾಡತೊಡಗಿದ್ದು ಇಲ್ಲಿಂದಲೇ ಕಾಣುತ್ತಿತ್ತು.

ವೈಜಿನಾಥ ಒಂದು ಕಾಗದ ಬರೆದು ತಂದು, ಅಳತೆಯ ಕಾಗದವಾದ್ದರಿಂದ ದರೋಗಾ ಸಾಹೇಬರ ಸಹಿ ಮೊದಲು ಆಗಬೇಕೆಂದು ಮನ್ಮಥಪ್ಪನ ಮುಂದೆ ಹಿಡಿದ. ಅದರಲ್ಲಿ ಹೀಗಿತ್ತು: "ಮಾಪಾರಿ ಮನ್ಮಥಪ್ಪನನ್ನು ಮೂರು ಸಲ ಕೂಗಿದರೂ ಅವನು ಅಳತೆಯ ಜಾಗದಲ್ಲಿ ಇರಲಿಲ್ಲ. ಗಿರಾಕಿ ಹಿಂದಿರುಗಿದ. ಇಂಥವನು ಗಾದಿಗೆ ಯೋಗ್ಯನಲ್ಲ."

ಮನ್ಮಥಪ್ಪ ಸಿಟ್ಟಿನಿಂದ ಓದಿದ. ಎಲ್ಲಿಯಾದರೂ ಒಂದು ಸುಳ್ಳು ಸಿಕ್ಕರೆ ಕಾಗದವನ್ನು ಹರಿದು ಅವನ ಮುಖದ ಮೇಲೆ ಎಸೆಯಬೇಕೆಂದು ಎರಡನೆಯ ಸಲ ಓದಿದ. ಮೂರು ಸಲ ಕೂಗಿದ್ದು ನಿಜ. ಅವನು ಅಳತೆಯ ಜಾಗದಲ್ಲಿ ಇರದಿದ್ದದ್ದು ನಿಜ. ಗಿರಾಕಿ ಹಿಂದಿರುಗಿದ್ದೂ ನಿಜ. ಮೂರನೆಯ ಸಲವೂ ಓದಿದ. ಆಮೇಲೆ ಲೆಕ್ಕಣಿಕೆ ತೆಗೆದುಕೊಂಡ.

ಸಂಜೆ ಅವನು ಮನೆಗೆ ಬಂದಾಗ ಸರುಬಾಯಿ ಆಗಲೇ ಗೋಡೆಯ ಮೇಲಿದ್ದಳು. ಚಂಪಾಬಾಯಿ ಗಂಡನನ್ನು ಗಾಡಿಯ ಎತ್ತಿನ ಹಾಗೆ ಹಿಂದಕ್ಕೆ ತಿರುಗಿಸಿ ನಿಲ್ಲಿಸಿದಳು. ಧೋತರ ಹಿಂದೆ ಮುದುಡಿತ್ತು.

"ನೋಡವಾ ಸರೂ!" ಎಂದು ಚಂಪಾಬಾಯಿ ಗಲ್ಲಿಗೆಲ್ಲ ಕೇಳುವಂತೆ ಹೇಳಿದಳು. "ಕುಂತಾರ!" ಆಮೇಲೆ ಗಂಡನ ಮುಖ ನೋಡಿ ದನಿ ತಗ್ಗಿಸಿದಳು. "ಕುಂತೀರಲ್ಲ?"

"ಕುಂತಿದ್ದೆ."

"ಎಲ್ಲೀತನಕ?"

"ಸಹಿ ಮಾಡೂತನಕ," ಎಂದ ಮನ್ಮಥಪ್ಪ.